ಎಣ್ಣೆ ಕುಡಿದ ರಿಮ್ಮು

ಆಯುಧಪೂಜೆಯ ಮರುದಿನ, ವಿಜಯದಶಮಿಯ ಬೆಳಿಗ್ಗೆ ಆರೂಕಾಲಿಗೆ ನನ್ನ ಅಕ್ಕ ಜಯಮ್ಮ ಮಂಡ್ಯದ ಗುತ್ತಲಿನಿಂದ ಮಳವಳ್ಳಿಗೆ ಸೈಕಲ್ಲಿನಲ್ಲಿ ಹೊರಟಳು. ಮದ್ದೂರಿನ ಮೇಲೆ ಸುಮಾರು ನಲವತ್ತೈದು ಕಿಲೋಮೀಟರ್. ಅವಳಿಗೆ ಐವತ್ತೊಂದು ವರ್ಷ. ಸೈಕಲ್ ಕಲಿತು ಎರಡು ವರ್ಷ. ಇನ್ನೊಂದು ಸೈಕಲ್ಲಿನಲ್ಲಿ ಹಿಂದೆ ನಾನಿದ್ದೆ.

ಮಳವಳ್ಳಿಯಲ್ಲಿರುವ ತಮ್ಮ ನಾಗರಾಜ ಹಿಂದಿನ ಸಂಜೆ ಫೋನಿನಲ್ಲಿ, "ಬಸ್ಸತ್ತಿ ಬಾರಕ್ಕ. ನೀನು ಮದ್ದೂರು ದಾಟಿದ್ರೆ ಮೀಸೆ ಬೋಳುಸ್ಕತೀನಿ" ಎಂದಿದ್ದ.

"ಕತ್ತಿ ಮಸೆದಿಡು ಕಣ್ಲಾ" ಎಂದು ಅಕ್ಕ ಫೋನ್ ಇಟ್ಟಿದ್ದಳು.

ಹಬ್ಬದ ಬೆಳಗಾದ್ದರಿಂದ ರಸ್ತೆ ಖಾಲಿ ಇತ್ತು. ಎಲ್ಲಿಯೂ ಬ್ರೇಕ್ ಹಿಡಿಯುವ ಪ್ರಮೇಯ ಬರಲಿಲ್ಲ. ಎಂಟು ಗಂಟೆಗೆ ಮದ್ದೂರು ಬಸ್ ನಿಲ್ದಾಣದ ಬಳಿ ಆಟೋವೊಂದು ಅಡ್ಡ ತಿರುಗಿತು. ಅಕ್ಕ ಎರಡೂ ಬ್ರೇಕ್ ಒತ್ತಿದಳು, ಸೈಕಲ್ ನಿಲ್ಲಲಿಲ್ಲ. ಚಪ್ಪಲಿ ನೆಲಕ್ಕೆ ಉಜ್ಜಿ, ಆಟೋಗೆ ಒಂದು ಮೊಳ ದೂರದಲ್ಲಿ ನಿಂತಳು.

ಹತ್ತಿರದಲ್ಲಿ ತೆರೆದಿದ್ದುದು ರಿಯಾಜ್ ಎಂಬ ಮೆಕ್ಯಾನಿಕ್‌ನ ಅಂಗಡಿ ಒಂದೇ. ಆತ ರಿಮ್ಮಿನ ಮೇಲೆ ಬೆರಳಾಡಿಸಿ ಮೂಸಿದ.

"ಕೊಬ್ರಿ ಎಣ್ಣೆ. ಯಾರಕ್ಕ ಸವರಿದ್ದು?"

"ನಾನೇ ಕಣಪ್ಪ. ಪೂಜೇಲಿ ಫಳಫಳ ಅನ್ಲಿ ಅಂತ."

"ದೇವ್ರು ಒಪ್ಪಿರ್ತಾನೆ ಬುಡಿ, ಬ್ರೇಕ್ ಒಪ್ಪಲ್ಲ. ಹಬ್ಬದ ಮಾರ್ನೆ ದಿನ ಇಂಥವು ಬತ್ತಾನೇ ಇರ್ತವೆ. ಕೂತ್ಕಳಿ, ಮಾಡ್ಕೊಡ್ತೀನಿ."

"ಮುಂದೆ ಕೆ.ಎಂ. ದೊಡ್ಡಿ ತಾವ ಮತ್ತೆ ಕೆಟ್ರೆ ನಿನ್ನ ಎಲ್ಲಿ ಹುಡುಕ್ಲಿ? ಸ್ಪ್ಯಾನರ್ ಇತ್ತ ಕೊಡು, ನೀನು ತೋರ್ಸು."

ಆತ ತೋರಿಸಿದ, ಅವಳು ಮಾಡಿದಳು. ಸೋಪಿನ ನೀರಿನಲ್ಲಿ ರಿಮ್ ತೊಳೆದು ಒರೆಸಿದಳು. ಬ್ರೇಕ್ ರಬ್ಬರುಗಳನ್ನು ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದಳು. ಮತ್ತೆ ಕೂರಿಸುವಾಗ ಒಂದು ರಬ್ಬರಿನ ಅಂಚು ಟೈರಿಗೆ ತಾಗಿತು; ಇಳಿಸಿದಳು. ರಬ್ಬರಿನ ಮುಂದಿನ ತುದಿ ಕೂದಲೆಳೆಯಷ್ಟು ಮೊದಲು ರಿಮ್ಮಿಗೆ ತಾಗಬೇಕು, ಇಲ್ಲದಿದ್ದರೆ ಕಿರುಚುತ್ತದೆ ಎಂದ ರಿಯಾಜ್ ಒಂದು ತುಂಡು ಕಾಗದ ಕೇಳಿದ; ನನ್ನ ಜೇಬಿನಲ್ಲಿದ್ದ ಹಳೆಯ ಬಸ್ ಟಿಕೆಟ್ ಕೊಟ್ಟೆ. ಅದನ್ನು ಮಡಚಿ ಹಿಂದಿನ ತುದಿಗೆ ಸಿಕ್ಕಿಸಿ, ಬ್ರೇಕ್ ಒತ್ತಿ ಹಿಡಿದು ನಟ್ಟು ಬಿಗಿ ಮಾಡಿಸಿದ. ಮೂರನೆಯ ಸಲಕ್ಕೆ ಸರಿಹೋಯಿತು. ಅಕ್ಕ ಬೀದಿಯಲ್ಲಿ ಎರಡು ಸುತ್ತು ಹೊಡೆದು ಬಂದಳು. ಶಬ್ದವಿರಲಿಲ್ಲ.

"ನನ್ ಅಂಗಡಿ ಪಕ್ಕ ಮಾತ್ರ ಅಂಗಡಿ ಇಡ್ಬ್ಯಾಡಿ" ಎಂದ ರಿಯಾಜ್.

ತಟ್ಟೆ ಇಡ್ಲಿ ತಿಂದು ಒಂಬತ್ತೂವರೆಗೆ ಹೊರಟೆವು. ಕೆ.ಎಂ. ದೊಡ್ಡಿಯವರೆಗೂ ಎದುರುಗಾಳಿ, ಕಬ್ಬಿನ ಗದ್ದೆಗಳ ನಡುವೆ ಎರಡು ಕಡೆ ನಾನು ಇಳಿದು ತಳ್ಳಿದೆ, ಅಕ್ಕ ಇಳಿಯಲಿಲ್ಲ. ಹನ್ನೆರಡೂವರೆಗೆ ಮಳವಳ್ಳಿ ಮುಟ್ಟಿದೆವು. ನಾಗರಾಜ ಬಾಗಿಲಲ್ಲೇ ನಿಂತಿದ್ದ. ಅಕ್ಕ ವೇಗವಾಗಿ ಅವನತ್ತಲೇ ಬಂದು, ಅವನ ಕಾಲಿಗೆ ಒಂದು ಗೇಣು ಉಳಿಸಿ ನಿಲ್ಲಿಸಿದಳು. "ಕತ್ತಿ ಎಲ್ಲಲಾ?" ಎಂದಳು.

ಕಳೆದ ಭಾನುವಾರ ನಾಗರಾಜ ಬ್ರೇಕ್ ಹಿಡಿಯದ ತನ್ನ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಗುತ್ತಲಿಗೆ ಬಂದ. ಮೀಸೆ ಇರಲಿಲ್ಲ. ಅಕ್ಕ ಸ್ಪ್ಯಾನರ್ ಹಿಡಿದು ಕೂತು, ಅವನ ಬಸ್ ಟಿಕೆಟ್‌ಗೆ ಕೈ ಚಾಚಿದಳು.