ಅತ್ತೆ ಮೂಗಿನಿಂದ ಎತ್ತಿದ ಕಾಲ್

ನಮ್ಮ ಅತ್ತೆಯವರು ಬಗ್ಗಿ ಮೂಗಿನ ತುದಿಯಿಂದ ಟ್ಯಾಬ್ಲೆಟ್ ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಕೋಥರೂಡದ ನಮ್ಮ ಅಡುಗೆಮನೆಯಲ್ಲಿ ಇಬ್ಬರೂ ಜೋಳದ ರೊಟ್ಟಿ ಬಡಿಯುತ್ತಿದ್ದೆವು. ಅಗ್ಗಕ್ಕೆ ಸಿಕ್ಕಿತೆಂದು ನಾನು ತಂದಿದ್ದ ಸಣ್ಣ ವಿಂಡೋಸ್ ಟ್ಯಾಬ್ಲೆಟ್ ಡಬ್ಬಿಗೆ ಒರಗಿ ನಿಂತಿತ್ತು. ಅದರಲ್ಲಿ ಗದಗಿನಿಂದ ವಿಡಿಯೋ ಕಾಲ್ ಬಂತು. ಅತ್ತೆಯ ತಂಗಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಪಟ್ಟಿ ಬಿಚ್ಚಿದ ಕೂಡಲೇ ಅಕ್ಕನ ಮುಖವನ್ನೇ ಮೊದಲು ನೋಡುತ್ತೇನೆಂದು ಅವರು ಹಟ ಹಿಡಿದಿದ್ದರು.

ಹಸಿ ಹಿಟ್ಟಿನ ಬೆರಳಿಂದ ಅತ್ತೆ ಎಷ್ಟು ಒತ್ತಿದರೂ ಟ್ಯಾಬ್ಲೆಟ್ ಜಪ್ಪಯ್ಯ ಅನ್ನಲಿಲ್ಲ. “ಅಗ್ಗದ ಮಾಲು ತರಬ್ಯಾಡ ಅಂದ್ರ ಕೇಳಲಿಲ್ಲ ನೀ!” ಎಂದು ನನ್ನನ್ನು ಬೈಯುತ್ತಲೇ, ನಾನು ಕೈ ತೊಳೆದು ಬರುವಷ್ಟರಲ್ಲಿ, ಹಿಟ್ಟು ಮೆತ್ತಿದ ಗಾಜಿಗೆ ಮೂಗು ಒತ್ತಿಯೇಬಿಟ್ಟರು. ತಂಗಿಯ ಮುಖ ಮೂಡಿತು.

“ನಾ ಕಾಣಸ್ತೀನೇನವಾ?” ಅತ್ತೆ ಕೇಳಿದರು.

ತಂಗಿ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ, “ಅಕ್ಕಾ, ಮೂಗಿಗೆ ಹಿಟ್ಟು ಯಾಕ ಬಡಕೊಂಡೀ?”

ಅತ್ತೆ ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡರು. ಹಂಚಿನ ಮೇಲಿನ ರೊಟ್ಟಿ ಸೀದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಈಗ ರೊಟ್ಟಿ ಬಡಿಯಲು ಕೂರುವ ಮೊದಲು ಅತ್ತೆ, ಟ್ಯಾಬ್ಲೆಟ್ ಚಾರ್ಜ್ ಆಗಿದೆಯೇ ಎಂದು ಕೇಳುತ್ತಾರೆ. ಎಡಗೈಯ ಒಂದು ಬೆರಳಿಗೆ ಮಾತ್ರ ಹಿಟ್ಟು ತಾಗಗೊಡುವುದಿಲ್ಲ.