ಕಾರ್ಕಳದ ಮಿಲ್ಲಿನ ಏಳನೆಯ ರಿಲೇ

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳ ಕಂಟ್ರೋಲ್ ಪ್ಯಾನೆಲ್‌ಗಳನ್ನು ಕಟ್ಟಿಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಹಿರಿಯ ಸೂಪರ್‌ವೈಸರ್ ಆಗಿದ್ದೆ. ಮನೆ ಕಾಪುವಿನಲ್ಲಿ. ಬೆಳಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಏಳೂವರೆಯ ಬಸ್ಸು ಹಿಡಿಯುವುದು ಮೂವತ್ತು ವರ್ಷಗಳ ಕ್ರಮ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತವನು ನಾನು, ಡಿಪ್ಲೊಮಾ ಆಮೇಲಿನದು. ಒಂದು ಅಕ್ಷರ ತಪ್ಪಿದರೆ ಅರ್ಥವೇ ಬದಲಾದೀತು ಎಂದು ಗುರುಗಳು ಕಲಿಸಿದ್ದ ಎಚ್ಚರವನ್ನೇ ವಯರಿಂಗ್‌ಗೂ ತಂದಿದ್ದೇನೆಂಬ ಸಣ್ಣ ಹೆಮ್ಮೆ ನನಗಿತ್ತು. ಆ ಹೆಮ್ಮೆ ಕಾರ್ಕಳದ ಸಮೀಪದ ಒಂದು ಕುಚ್ಚಲಕ್ಕಿ ಮಿಲ್ಲಿನಲ್ಲಿ, ಆಷಾಢದ ಒಂದು ಬೆಳಗ್ಗೆ ಮುರಿಯಿತು.

ಆ ಮಿಲ್ಲಿನ ಪ್ಯಾನೆಲ್ ನಾನೇ ನಿಂತು ಕಟ್ಟಿಸಿದ್ದು. ಅದರೊಳಗಿನ ರಿಲೇ ಔಟ್‌ಪುಟ್ ಬೋರ್ಡಿನ ಬಗ್ಗೆ ಎರಡು ಮಾತು ಹೇಳಬೇಕು. ನಿಯಂತ್ರಕ ಕಂಪ್ಯೂಟರು ಕೊಡುವುದು ಇಪ್ಪತ್ತನಾಲ್ಕು ವೋಲ್ಟಿನ ಬಡ ಸಂಕೇತ. ಅದರಿಂದ ಮೋಟಾರು ತಿರುಗದು. ರಿಲೇ ಎಂಬ ಪುಟ್ಟ ಸ್ವಿಚ್ಚು ಆ ಸಂಕೇತವನ್ನು ಕೇಳಿ ತನ್ನೊಳಗಿನ ಎರಡು ಲೋಹದ ಬಿಂದುಗಳನ್ನು ಕೂಡಿಸುತ್ತದೆ. ಆಗ ಇನ್ನೂರ ಮೂವತ್ತು ವೋಲ್ಟು ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚಿನ ಸುರುಳಿಗೆ ಹರಿಯುತ್ತದೆ, ಅದು ಮೋಟಾರನ್ನು ಓಡಿಸುತ್ತದೆ. ಸಂಕೇತ ಬಂದಾಗ ರಿಲೇಯ ಪಕ್ಕದಲ್ಲಿ ಒಂದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಹದಿನಾರು ರಿಲೇಗಳ ಎರಡು ಬಗೆಯ ಬೋರ್ಡುಗಳು ನನ್ನ ಮುಂದಿದ್ದವು. ಒಂದರಲ್ಲಿ ರಿಲೇಗಳನ್ನು ಸಾಕೆಟ್ಟಿನಿಂದ ಕಿತ್ತು ಬದಲಾಯಿಸಬಹುದಿತ್ತು. ಇನ್ನೊಂದರಲ್ಲಿ ಎಲ್ಲವೂ ಬೆಸುಗೆ ಹಾಕಿದವು, ಆದರೆ ಬೋರ್ಡು ಅಚ್ಚುಕಟ್ಟಾಗಿ ಪೆಟ್ಟಿಗೆಯಲ್ಲಿ ಕೂರುತ್ತಿತ್ತು. ರಿಲೇಯ ಮೇಲೆ 'ಹತ್ತು ಆಂಪಿಯರ್' ಎಂದು ಬರೆದಿತ್ತು. ನನ್ನ ಕಾಂಟ್ಯಾಕ್ಟರಿನ ಸುರುಳಿಗೆ ಒಂದು ಆಂಪಿಯರೂ ಬೇಡ. ಧಾರಾಳವಾಯಿತೆಂದು ಎರಡನೆಯದನ್ನು ಆರಿಸಿದೆ.

ಮಿಲ್ಲಿನಲ್ಲಿ ಹದಿನೆಂಟು ಅಡಿ ಎತ್ತರದ ಒಂದು ಉಕ್ಕಿನ ಬಿನ್ ಉಂಟು. ಭತ್ತ ಅದರಲ್ಲಿ ತುಂಬಿರುತ್ತದೆ. ತಳದಲ್ಲಿ ಸ್ಕ್ರೂ ಕನ್ವೇಯರ್, ಎಂದರೆ ತಿರುಪಿನಂತೆ ಸುತ್ತಿದ ಉಕ್ಕಿನ ಅಲಗು, ತಿರುಗುತ್ತ ಭತ್ತವನ್ನು ಹೊರಗೆ ಎಳೆಯುತ್ತದೆ. ಮಳೆಗಾಲದಲ್ಲಿ ತೇವಕ್ಕೆ ಭತ್ತ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡರೆ ಯಾರಾದರೂ ಒಳಗಿಳಿದು ಬಿದಿರಿನ ಕೋಲಿನಿಂದ ಕೆಡವಬೇಕು. ಆ ಹೊತ್ತಿನಲ್ಲಿ ಸ್ಕ್ರೂ ತಿರುಗಿದರೆ ಕಾಲ ಕೆಳಗಿನ ಭತ್ತ ಜಾರುತ್ತದೆ, ಅದರೊಡನೆ ಮನುಷ್ಯನೂ. ಎದೆಯವರೆಗೆ ಹೂತವನನ್ನು ಹಗ್ಗ ಹಾಕಿ ನಾಲ್ಕು ಜನ ಎಳೆದರೂ ಮೇಲೆ ತರಲಾಗದು. ಉಸಿರು ನಿಲ್ಲಲು ಎರಡು ನಿಮಿಷ ಸಾಕು.

ಪ್ಯಾನೆಲ್ ನೋಡಿಕೊಳ್ಳುತ್ತಿದ್ದವನು ಬಾಗಲಕೋಟೆ ಕಡೆಯ ಈರಣ್ಣ. ದೀಪ ಆರಿತು, ನಂದಿತು ಎಂಬ ಮಾತು ಅವನ ಬಾಯಿಂದ ಬಾರದು. ಅವರ ಕಡೆ ದೀಪ 'ಶಾಂತ' ಆಗುತ್ತದೆ. ಸ್ಕ್ರೂವಿನದು ಏಳನೆಯ ರಿಲೇ. ಯಾರಾದರೂ ಬಿನ್ನಿಗೆ ಇಳಿಯುವ ಮೊದಲು ಸ್ಟಾಪ್ ಗುಂಡಿ ಒತ್ತಿ, ಅದರ ಕೆಂಪು ದೀಪ ಹೋದೊಡನೆ ಅವನು "ಶಾಂತ ಆಗೇದ್ರಿ!" ಎಂದು ಕೂಗುತ್ತಿದ್ದ, ಆಗ ಕೆಳಗಿಳಿಯುವವನು ಇಳಿಯುತ್ತಿದ್ದ. ಮೊದಲ ಸಲ ಕೇಳಿದಾಗ ನನಗೆ ಬಹಳ ಸಂತೋಷವಾಗಿತ್ತು. ಯಂತ್ರದ ದೀಪಕ್ಕೂ ಇಷ್ಟು ಗೌರವ ಕೊಡುವವನು ಉಂಟಲ್ಲ ಎಂದು ಹೊಗಳಿ, "ಇದನ್ನೇ ನಿಯಮ ಮಾಡಿಕೊಳ್ಳಿ" ಎಂದು ಮಾಲೀಕರಾದ ಶೆಟ್ಟರಿಗೂ ಹೇಳಿದ್ದೆ. ಮಿಲ್ಲಿನಲ್ಲಿ ಅದು ಬೇರೂರಿತು.

ಆ ದಿನ ನಾನು ಮೂರು ತಿಂಗಳಿಗೊಮ್ಮೆಯ ತಪಾಸಣೆಗೆ ಹೋಗಿದ್ದೆ. ಹತ್ತು ಗಂಟೆ ಆಗಿತ್ತು. ನಾನು ತಲುಪುವ ಸ್ವಲ್ಪ ಮೊದಲು ಕರೆಂಟು ಹೋಗಿತ್ತು. ಬಿನ್ನಿನಲ್ಲಿ ಭತ್ತ ಕಟ್ಟಿಕೊಂಡಿತ್ತು. ಹೇಗೂ ಎಲ್ಲ ನಿಂತಿದೆಯಲ್ಲ ಎಂದು ಸುಂದರ ಎಂಬ ಸ್ಥಳೀಯ ಕೆಲಸಗಾರ ಏಣಿ ಹತ್ತಿ ಬಾಯಿಯ ಬಳಿ ಕುಳಿತಿದ್ದ. ಪ್ಯಾನೆಲ್ಲಿನ ಕಂಪ್ಯೂಟರು, ರಿಲೇ ಬೋರ್ಡು ಬ್ಯಾಟರಿಯ ಮೇಲೆ ಎಚ್ಚರವಾಗಿಯೇ ಇದ್ದವು.

"ಭಟ್ಟರ, ದೀಪ ಶಾಂತ ಆಗೇದ್ರಿ," ಎಂದ ಈರಣ್ಣ, ಸ್ಟಾಪ್ ಗುಂಡಿ ಒತ್ತಿ ನನ್ನ ಕಡೆ ತಿರುಗಿ, ಮೇಲಿದ್ದ ಸುಂದರನಿಗೂ ಕೇಳುವಂತೆ.

"ಎಂತ ಈರಣ್ಣ, ಮಂಗಳಾರತಿ ಆಯ್ತಾ?" ಮೇಲಿನಿಂದ ಸುಂದರ. "ಪ್ರಸಾದ ಎಂತ ಉಂಟು ಮಾರಾಯ?"

"ಭತ್ತಾನ ಪ್ರಸಾದ. ಒಳಗ ಇಳಿದು ತಿನ್ನು."

ಸುಂದರ ನಗುತ್ತ ಇಳಿದ. ನಾನೂ ನಕ್ಕೆ.

ಪ್ಯಾನೆಲ್ಲಿನ ಬಾಗಿಲು ತೆರೆದು ಬೋರ್ಡನ್ನು ನೋಡಿದೆ. ಏಳನೆಯ ರಿಲೇಯ ಪ್ಲಾಸ್ಟಿಕ್ಕಿನ ಮೈ ಒಂದು ಬದಿಯಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಸುಟ್ಟ ವಾಸನೆಯೂ ಇತ್ತು. ಅದರ ಎರಡು ಟರ್ಮಿನಲ್‌ಗಳಿಗೆ ಮೀಟರಿನ ಮೊನೆಗಳನ್ನು ಮುಟ್ಟಿಸಿದೆ. ದೀಪ ಆರಿದೆ ಎಂದ ಮೇಲೆ ಬಿಂದುಗಳು ದೂರವಿರಬೇಕು, ಮೀಟರು ಸುಮ್ಮನಿರಬೇಕು. ಅದು ಕೀಂ ಎಂದು ಕೂಗಿತು. ಮೊನೆ ತೆಗೆದು ಮತ್ತೆ ಮುಟ್ಟಿಸಿದೆ. ಮತ್ತೆ ಕೂಗಿತು.

ಒಳಗಿನ ಬಿಂದುಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಕಂಪ್ಯೂಟರು ನಿಲ್ಲು ಎಂದಿತ್ತು, ದೀಪ ಆ ಅಪ್ಪಣೆಯನ್ನಷ್ಟೇ ತೋರಿಸುತ್ತಿತ್ತು, ರಿಲೇ ಕೇಳಿರಲಿಲ್ಲ. ಈಗ ಸ್ಕ್ರೂ ನಿಂತಿದ್ದುದು ಕರೆಂಟು ಇಲ್ಲವೆಂಬ ಒಂದೇ ಕಾರಣಕ್ಕೆ. ಕರೆಂಟು ಬಂದ ಕ್ಷಣವೇ ಅದು ಸುಂದರನ ಕಾಲಡಿಯಲ್ಲಿ ತಿರುಗುವುದಿತ್ತು.

"ಸುಂದರಾ, ಮೇಲೆ ಬಾ!" ಎಂದು ಕೂಗಿದೆ. ಉಕ್ಕಿನ ಗೋಡೆಯೊಳಗೆ ಕೋಲಿನ ಬಡಿತವಷ್ಟೇ ಕೇಳಿಸಿತು. ಅದೇ ಹೊತ್ತಿಗೆ ಹಿಂದಿನ ಕೊಠಡಿಯಲ್ಲಿ ಜನರೇಟರು ಒಮ್ಮೆ ಕೆಮ್ಮಿತು. ಕಾದು ಬೇಸತ್ತ ಶೆಟ್ಟರು ತಾವೇ ಚಾಲೂ ಮಾಡಲು ಹೋಗಿದ್ದರು.

"ಈರಣ್ಣ, ಓಡು! ನಿಲ್ಲಿಸಲು ಹೇಳು!"

ಈರಣ್ಣ ಓಡಿದ. "ಚಾಲೂ ಮಾಡ್ಬ್ಯಾಡ್ರೀ ಶೆಟ್ರ!" ಎಂಬ ಅವನ ಕೂಗು ಜನರೇಟರಿನ ಎರಡನೆಯ ಕೆಮ್ಮಿನಲ್ಲಿ ಮುಳುಗಿತು. ಮೋಟಾರುಗಳಿಗೆ ಬರುವ ಕರೆಂಟನ್ನೇ ಕಡಿಯುವ ಬ್ರೇಕರುಗಳೂ ಆ ಕೊಠಡಿಯಲ್ಲೇ ಇದ್ದವು. ನನ್ನ ಪೆಟ್ಟಿಗೆಯಲ್ಲಿ ಜಾಗ ಸಾಲದೆಂದು ಅವನ್ನು ಅಲ್ಲಿಗೆ ಹಾಕಿಸಿದವನು ನಾನೇ. ನನ್ನ ಕೈಗೆ ಎಟುಕುವಂತಿದ್ದುದು ಏಳನೆಯ ರಿಲೇಯಿಂದ ಕಾಂಟ್ಯಾಕ್ಟರಿಗೆ ಹೋಗುವ ಒಂದು ತಂತಿ ಮಾತ್ರ. ಅದನ್ನು ಕಳಚಬೇಕಿತ್ತು.

ಸ್ಕ್ರೂಡ್ರೈವರು ತಿರುಪುಮೊಳೆಯ ಗೆರೆಯಲ್ಲಿ ನಿಲ್ಲಲಿಲ್ಲ, ಎರಡು ಸಲ ಜಾರಿತು. ದಿನವೂ ಸಾವಿರ ನಾಮ ಹೇಳುವ ನಾಲಿಗೆಗೆ ಆಗ ಒಂದು ನಾಮವೂ ಬರಲಿಲ್ಲ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಬಿನ್ನಿನೊಳಗಿನ ಕೋಲಿನ ಸದ್ದನ್ನು ಎಣಿಸುತ್ತಿದ್ದೆ. ಆ ಸದ್ದು ಇರುವವರೆಗೆ ಅವನು ಇದ್ದಾನೆ. ಮೂರನೆಯ ಸಲ ಮೊಳೆ ತಿರುಗಿತು. ತಂತಿಯನ್ನು ಹಿಡಿದು ಎಳೆದೆ. ಅದು ಕಳಚಿ ಕೈಗೆ ಬಂದು ಒಂದು ಉಸಿರು ಕಳೆದಿರಬಹುದು, ಜನರೇಟರು ಗುಡುಗಿತು, ತಲೆಯ ಮೇಲಿನ ಬಲ್ಬುಗಳೆಲ್ಲ ಹೊತ್ತಿಕೊಂಡವು. ಸ್ಕ್ರೂವಿನ ಕಾಂಟ್ಯಾಕ್ಟರು ಅಲುಗಲಿಲ್ಲ. ಒಳಗೆ ಕೋಲು ಬಡಿಯುತ್ತಲೇ ಇತ್ತು.

ಸುಂದರ ಮೈತುಂಬ ಹೊಟ್ಟಿನ ಧೂಳು ಮೆತ್ತಿಕೊಂಡು ಹೊರಬಂದಾಗ ನಾನು ನೆಲದ ಮೇಲೆ ಕುಳಿತಿದ್ದೆ.

"ಎಂತ ಆಯ್ತು ಭಟ್ರೇ? ಎಲ್ರೂ ನನ್ನನ್ನು ಯಾಕೆ ಹೀಗೆ ನೋಡುದು?"

ಹೇಳಿದೆ. ಬೋರ್ಡು ಆರಿಸಿದವನು ನಾನು ಎಂಬುದನ್ನೂ ಶೆಟ್ಟರೆದುರೇ ಹೇಳಿದೆ. ಈರಣ್ಣ ಅಳತೊಡಗಿದ. ಬೆಳಗ್ಗೆ ಸ್ಕ್ರೂ ನಿಲ್ಲದೆ ತಿರುಗುತ್ತಿದ್ದುದನ್ನು ಅವನು ಕಂಡಿದ್ದ. ಭತ್ತ ಬೀಳದ್ದರಿಂದ ಕಂಪ್ಯೂಟರೇ ಹಾಗೆ ಓಡಿಸುತ್ತಿದೆಯೆಂದು ತಿಳಿದಿದ್ದ. ಸುಂದರ, "ಮನೆಯಲ್ಲಿ ಇವಳಿಗೆ ಯಾರೂ ಹೇಳ್ಬೇಡಿ, ಆಯ್ತಾ?" ಎಂದಷ್ಟೇ ಅಂದ.

ಆ ಬೋರ್ಡನ್ನು ಮಣಿಪಾಲಕ್ಕೆ ತಂದು, ಬೆಸುಗೆ ಬಿಡಿಸಿ ಏಳನೆಯ ರಿಲೇಯನ್ನು ಬಿಚ್ಚಿದೆ. ಸಾಸಿವೆಯಷ್ಟು ದೊಡ್ಡ ಬಿಂದುಗಳೆರಡು ಒಂದಾಗಿದ್ದವು. ಹತ್ತು ಆಂಪಿಯರ್ ಎಂಬ ಬರಹ ಹೀಟರಿನಂಥ ಸರಳ ಹೊರೆಗೆ ಹೇಳಿದ್ದು. ಸುರುಳಿಯ ಕರೆಂಟನ್ನು ಕಡಿದಾಗ ಅದು ತಿರುಗಿಬಿದ್ದು ಕಿಡಿ ಹಾರಿಸುತ್ತದೆ. ಅದನ್ನು ನುಂಗಲು ಸುರುಳಿಗೆ ಅಡ್ಡವಾಗಿ ಸ್ನಬ್ಬರ್ ಎಂಬ ಪುಟ್ಟ ಭಾಗ ಹಾಕಬೇಕಿತ್ತು, ನಾನು ಹಾಕಿರಲಿಲ್ಲ. ಸ್ಕ್ರೂ ಹದಿನೈದು ಸೆಕೆಂಡು ತಿರುಗಿ ಹದಿನೈದು ಸೆಕೆಂಡು ನಿಲ್ಲುವಂಥದ್ದು. ಎಂಟು ಗಂಟೆಯ ದಿನಕ್ಕೆ ಒಂಬೈನೂರ ಅರುವತ್ತು ಸಲ. ತಯಾರಕರು ಕೊಟ್ಟ ಹಾಳೆಯಲ್ಲಿ ಆ ರಿಲೇಯ ಆಯುಸ್ಸು ಒಂದು ಲಕ್ಷ ಸಲ ಎಂದಿತ್ತು. ನಾಲ್ಕು ತಿಂಗಳಲ್ಲೇ ಮುಗಿದ ಆಯುಸ್ಸಿನ ಮೇಲೆ ಅದು ಒಂದೂವರೆ ವರ್ಷ ದುಡಿದಿತ್ತು. ಆ ಹಾಳೆ ಮೊದಲಿನಿಂದಲೂ ನನ್ನ ಮೇಜಿನ ಖಾನೆಯಲ್ಲೇ ಇತ್ತು.

ಹತ್ತು ದಿನಗಳ ಬಳಿಕ ಹೊಸ ಬೋರ್ಡು ಹಾಕಿದೆವು. ಸಾಕೆಟ್ಟಿನ ರಿಲೇಗಳು, ಪ್ರತಿ ಸುರುಳಿಗೂ ಸ್ನಬ್ಬರ್, ಕಾಂಟ್ಯಾಕ್ಟರು ನಿಜವಾಗಿ ಬಿಟ್ಟಿದೆಯೇ ಎಂದು ಕಂಪ್ಯೂಟರಿಗೆ ತಿರುಗಿ ಹೇಳುವ ಒಂದು ತಂತಿ, ಏಳನೆಯ ರಿಲೇಯನ್ನು ಮೂರು ತಿಂಗಳಿಗೊಮ್ಮೆ ಬದಲಿಸುವ ಪಟ್ಟಿ. ಬಿನ್ನಿನ ಪಕ್ಕದಲ್ಲೇ ಬ್ರೇಕರು, ಅದಕ್ಕೆ ಬೀಗ. ಇಳಿಯುವವನ ಜೇಬಿನಲ್ಲೇ ಕೀಲಿ. ಬೀಗ ಹಾಕಿದ ಮೇಲೆ ಸ್ಟಾರ್ಟ್ ಗುಂಡಿ ಒತ್ತಿ, ಮೋಟಾರು ಏಳುವುದಿಲ್ಲವೆಂದು ಕಣ್ಣಾರೆ ಕಂಡೇ ಇಳಿಯಬೇಕು. ಎಲ್ಲ ವಿವರಿಸಿ, ಪರೀಕ್ಷೆಯನ್ನೂ ಮಾಡಿ ತೋರಿಸಿ, ತಪಾಸಣಾ ಪತ್ರಕ್ಕೆ ಸಹಿ ಹಾಕಲು ಪೆನ್ನು ತೆಗೆದೆ.

ಸುಂದರ ಏಣಿಯ ಬುಡದಲ್ಲಿ ನಿಂತಿದ್ದ. "ಭಟ್ರೇ," ಎಂದ, "ನೀವು ಮೊದಲು ಇಳೀರಿ."

"ಏ ಸುಂದರ, ದೊಡ್ಡವರಿಗೆ ಹಾಗೆ ಹೇಳುದಾ?" ಎಂದು ಶೆಟ್ಟರು ಗದರಿದರು.

ಅವನು ಹೇಳಿದ್ದು ಸರಿಯಾಗಿತ್ತು. ಪ್ಯಾಂಟು ಮಡಚಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಏಣಿ ಹತ್ತಿ ಒಳಗಿಳಿದೆ. ಮೊಣಕಾಲವರೆಗೆ ಭತ್ತ, ಸುತ್ತ ಉಕ್ಕು, ಮೇಲೆ ತಟ್ಟೆಯಷ್ಟು ಬೆಳಕು. ನನ್ನದೇ ಬೀಗ, ನನ್ನದೇ ಲೆಕ್ಕ; ಆದರೂ ಜೇಬಿನ ಕೀಲಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡೆ. ಆ ತಟ್ಟೆಯಲ್ಲಿ ಸುಂದರನ ಮುಖ ಕಾಣಿಸಿತು.

"ಈರಣ್ಣ, ಸ್ಟಾರ್ಟ್ ಒತ್ತು," ಎಂದ. ಏನೂ ಆಗಲಿಲ್ಲ. "ಇನ್ನೊಮ್ಮೆ ಒತ್ತು ಮಾರಾಯ. ಭಟ್ರು ಅಲ್ಲೇ ಇರ್ಲಿ."

ಮೂರು ಸಲ ಒತ್ತಿಸಿದ. ಆಮೇಲೆ ಒಳಗಿನ ಏಣಿ ಹತ್ತಿಬಂದ ನನ್ನನ್ನು ಕೈ ಚಾಚಿ ಮೇಲೆತ್ತಿಕೊಂಡ, ಕೀಲಿ ಇಸಿದುಕೊಂಡ, ತಾನು ಇಳಿದ. ನಾನು ಸಹಿ ಹಾಕಿದ್ದು ಆಮೇಲೆ. ಉಳಿದ ಎರಡು ವರ್ಷಗಳಲ್ಲಿ, ಮನುಷ್ಯ ಒಳಗೆ ನಿಲ್ಲಬೇಕಾದ ಯಾವ ಯಂತ್ರದ ಪತ್ರಕ್ಕೂ, ಮೊದಲು ನಾನು ಒಳಗೆ ನಿಲ್ಲದೆ ಸಹಿ ಹಾಕಲಿಲ್ಲ.