ಕೊನೇಗಾಡಿ ಹಡಗು ಹತ್ತಿದ್ದು

ಆಸ್ಪತ್ರೆಯ ಶವವಾಹನ ಓಡಿಸಿಕೊಂಡಿದ್ದ ಮನುಷ್ಯನಿಗೆ ನಿವೃತ್ತಿಯಾದ ವರ್ಷವೇ ಅಳಿಯ ಹಡಗಿನ ಪ್ರವಾಸದ ಟಿಕೆಟ್ ತಂದುಕೊಟ್ಟ. ಅಳಿಯನಿಗೆ ಹಡಗಿನ ಕಂಪನಿಯ ಆಫೀಸಿನಲ್ಲಿ ಕೆಲಸ. ಕೊನೆಯವರೆಗೂ ಯಾರೂ ಕೇಳದೆ ಉಳಿದ ಕೋಣೆಗಳನ್ನು ಅಲ್ಲಿ ನೌಕರರ ಮನೆಯವರಿಗೆ ಕೊಡುತ್ತಿದ್ದರು. ಈ ಕೋಣೆಯನ್ನು ಯಾರೂ ಕೇಳದಿರಲು ಕಾರಣವಿತ್ತು. ಅದಕ್ಕೆ ಕಿಟಕಿ ಇರಲಿಲ್ಲ. ಕಿಟಕಿ ಇರಬೇಕಾದ ಕಡೆ ಒಂದು ಪರದೆ ಇಳಿಬಿಟ್ಟಿದ್ದರು. ಸರಿಸಿದರೆ ಗೋಡೆ. ಅವನ ಹೆಂಡತಿ ದಿನಾ ಬೆಳಗ್ಗೆ ಎದ್ದು ಆ ಪರದೆ ಸರಿಸುತ್ತಿದ್ದಳು.

ಜೊತೆಯ ಡ್ರೈವರುಗಳು ಅವನನ್ನು ಕೊನೇಗಾಡಿ ಎನ್ನುತ್ತಿದ್ದರು. ಅದಕ್ಕೆ ಅವನಿಗೇನೂ ಬೇಸರವಿರಲಿಲ್ಲ. ಬೇಸರವಿದ್ದದ್ದು ಹೆಂಡತಿಗೆ. ಮದುವೆಯಾದಾಗ ಅವನು ತರಕಾರಿ ಲಾರಿ ಓಡಿಸುತ್ತಿದ್ದ. ಆಸ್ಪತ್ರೆಯ ಕೆಲಸಕ್ಕೆ ಸೇರಿದ ದಿನವೇ ಅವಳು ಖಡಾಖಂಡಿತವಾಗಿ ಹೇಳಿದಳು:

"ಹೊರಗಿನದು ಹೊರಗೇ ಬಿಟ್ಟು ಬನ್ನಿ. ಮನೇಲಿ ಆ ಮಾತು ಬೇಡ."

ಅವನು ಬಿಟ್ಟು ಬಂದ. ನಿವೃತ್ತಿಯವರೆಗೂ ಬಿಟ್ಟೇ ಬಂದ. ಊಟಕ್ಕೆ ಕೂತಾಗ ಇವತ್ತು ಹೇಗಿತ್ತು ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಮಗಳ ಶಾಲೆ, ಸೋರುವ ನಲ್ಲಿ, ಪಕ್ಕದ ಮನೆಯವರು ನಡುದಾರಿಯಲ್ಲಿ ನಿಲ್ಲಿಸುವ ಸ್ಕೂಟರು, ಹೀಗೆ ಮಾತಿಗೇನೂ ಬರವಿರಲಿಲ್ಲ.

ಹಡಗು ಹತ್ತುವ ಸಾಲಿನಲ್ಲಿ ನಿಂತಾಗ ಅವಳು ಅವನ ಅಂಗಿಯ ಕಾಲರ್ ಸರಿಮಾಡುತ್ತ ಹೇಳಿದಳು:

"ಯಾರಾದ್ರೂ ಏನು ಕೆಲಸ ಅಂತ ಕೇಳಿದ್ರೆ ಸಾರಿಗೆ ಅನ್ನಿ."

"ಸಾರಿಗೆ ಅಂದ್ರೆ?"

"ಸಾರಿಗೆ ಅಂದ್ರೆ ಸಾರಿಗೆ. ಜನರನ್ನ ಒಂದು ಕಡೆಯಿಂದ ಇನ್ನೊಂದು ಕಡೆ ಕರ್ಕೊಂಡು ಹೋಗ್ತಿದ್ರಿ. ಸುಳ್ಳೇನಲ್ವಲ್ಲ."

ಸುಳ್ಳಲ್ಲವೆಂದು ಅವನಿಗೂ ಅನಿಸಿತು.

ಬಂದರಿನ ದಿನಗಳು ಹೇಗೋ ಕಳೆಯುತ್ತಿದ್ದವು. ಇಳಿದು, ಒಂದು ಕಟ್ಟಡ ನೋಡಿ, ಇನ್ನೊಂದು ಕಟ್ಟಡ ನೋಡಿ, ಕಾಲು ನೋಯಿಸಿಕೊಂಡು ವಾಪಸು ಹತ್ತಿದರೆ ಸಂಜೆಯಾಗುತ್ತಿತ್ತು. ತಾಪತ್ರಯವೆಲ್ಲ ಸಮುದ್ರದ ದಿನಗಳದ್ದು. ಒಂದು ದಡ ಬಿಟ್ಟರೆ ಇನ್ನೊಂದು ದಡ ಸಿಗುವವರೆಗೆ ಬರೀ ನೀರು. ಇದು ಹಡಗಿನವರಿಗೂ ಗೊತ್ತಿತ್ತು. ಸುಮ್ಮನೆ ಕೂತ ಮುದುಕರು ದೂರು ಹೇಳಲು ಶುರುಮಾಡುತ್ತಾರೆಂದು ಬೆಳಗಿನಿಂದ ಸಂಜೆಯವರೆಗೆ ಒಂದಲ್ಲ ಒಂದು ಏರ್ಪಾಡು ಮಾಡಿದ್ದರು. ಕುರ್ಚಿ ಬಿಟ್ಟು ಏಳದೆ ಮಾಡುವ ವ್ಯಾಯಾಮವಿತ್ತು. ಟವೆಲ್ ಮಡಚಿ ಆನೆ ಮಾಡುವ ತರಗತಿಯಿತ್ತು.

ಹೆಂಡತಿ ಎಲ್ಲಕ್ಕೂ ಹೋದಳು. ಆನೆ ಅವಳ ಕೈಗೆ ಬೇಗ ಹತ್ತಿತು. ಕೋಣೆ ತುಂಬ ಆನೆಗಳಾಗಿ, ಸ್ನಾನ ಮಾಡಿದವನಿಗೆ ಮೈ ಒರೆಸಿಕೊಳ್ಳಲು ಒಂದು ಆನೆಯನ್ನು ಬಿಚ್ಚಬೇಕಾಗುತ್ತಿತ್ತು. ಅವಳ ಒತ್ತಾಯಕ್ಕೆ ಅವನೂ ಒಂದು ದಿನ ಕುಣಿತದ ಕ್ಲಾಸಿಗೆ ಹೋದ. ಹಾಡು ಯಾವುದೇ ಹಾಕಲಿ, ಅವನ ಹೆಜ್ಜೆಯ ವೇಗ ಬದಲಾಗಲಿಲ್ಲ.

"ಸರ್, ಸ್ವಲ್ಪ ಬೇಗ ಬೇಗ," ಎಂದಳು ಕಲಿಸುವವಳು.

"ನನಗೆ ಅಭ್ಯಾಸ ಇಲ್ಲಮ್ಮ," ಎಂದ.

ಆಮೇಲೆ ಅವನು ಮೇಲಿನ ಡೆಕ್ಕಿನಲ್ಲಿ ನೆರಳಿಗಿದ್ದ ಒಂದು ಕುರ್ಚಿ ಹಿಡಿದ. ಕೂತು ನೀರು ನೋಡುವುದು ಅವನಿಗೆ ಕಷ್ಟವಾಗಲಿಲ್ಲ. ಅವನ ಕೆಲಸದಲ್ಲಿ ಅರ್ಧ ಓಡಿಸುವುದು, ಅರ್ಧ ಕಾಯುವುದು. ಆಸ್ಪತ್ರೆಯವರು ಸಹಿ ಹಾಕುವವರೆಗೆ ಕಾಯಬೇಕು, ಪರ ಊರಿನ ತಮ್ಮ ಬರುವವರೆಗೆ ಕಾಯಬೇಕು, ಮುಂದಿನ ಸೀಟಿನಲ್ಲಿ ಯಾರು ಕೂರಬೇಕೆಂಬ ಜಗಳ ಮುಗಿಯುವವರೆಗೂ ಕಾಯಬೇಕು.

ಊಟಕ್ಕೆ ಯಾರು ಯಾವ ಮೇಜೆಂದು ಹಡಗಿನವರೇ ಗೊತ್ತುಮಾಡಿದ್ದರು. ಇವರ ಮೇಜಿಗೆ ಸಿಕ್ಕಿದವರು ನಿವೃತ್ತ ಪೋಸ್ಟ್‌ಮಾಸ್ಟರು ಮತ್ತು ಅವರ ಹೆಂಡತಿ. ಆಕೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಎಲ್ಲರ ಬಾಯಲ್ಲೂ ಟೀಚರಮ್ಮ. ಪೋಸ್ಟ್‌ಮಾಸ್ಟರಿಗೆ ಜಗತ್ತಿನ ರಾಜಧಾನಿಗಳೆಲ್ಲ ಬಾಯಿಪಾಠ. ಸಮುದ್ರದ ದಿನಗಳಲ್ಲಿ ಬೆಳಗಿನ ಕಾಫಿಯಾದ ಮೇಲೆ ಲೌಂಜಿನಲ್ಲಿ ಕ್ವಿಜ್ ನಡೆಯುತ್ತಿತ್ತು. ಗೆಲ್ಲುತ್ತಿದ್ದವರು ಅವರೇ. ಪ್ರಶ್ನೆ ಅರ್ಧ ಬರುವುದರೊಳಗೆ ಉತ್ತರ ಬರೆದುಬಿಡುತ್ತಿದ್ದರು; ಕೆಲವು ಸಲ ಅದು ಇನ್ನೊಂದು ಪ್ರಶ್ನೆಯ ಉತ್ತರವಾಗಿರುತ್ತಿತ್ತು. ಬಹುಮಾನವೆಂದರೆ ಹಡಗಿನ ಚಿತ್ರವಿದ್ದ ಕೀಚೈನು. ಅವರ ಮನೆಯಲ್ಲಿದ್ದ ಬೀಗಗಳಿಗಿಂತ ಕೀಚೈನುಗಳೇ ಹೆಚ್ಚಾಗಿದ್ದವು.

"ತಾವು ಏನು ಮಾಡ್ಕೊಂಡಿದ್ರಿ?" ಎಂದು ಮೊದಲ ದಿನವೇ ಕೇಳಿದರು.

"ಸಾರಿಗೆ."

"ಓಹೋ, ಬಸ್ಸಾ?"

"ಅಷ್ಟು ದೊಡ್ಡದಲ್ಲ."

"ಪ್ಯಾಸೆಂಜರ್‌ಗಳ ಕಾಟ ಜಾಸ್ತಿ ಅಲ್ವಾ ಆ ಕೆಲಸದಲ್ಲಿ?"

"ಇಲ್ಲ. ಒಂದು ಸಲಕ್ಕೆ ಒಬ್ಬರೇ. ಒಂದು ದಿನ ಒಂದು ಮಾತು ಅಂದವರಲ್ಲ."

ಹೆಂಡತಿ ಮೇಜಿನಡಿಯಲ್ಲಿ ಅವನ ಕಾಲು ತುಳಿದಳು.

ಹಡಗು ದೊಡ್ಡ ಸಮುದ್ರಕ್ಕಿಳಿದ ಮೇಲೆ, ಒಂದು ಮಧ್ಯಾಹ್ನ ಪೋಸ್ಟ್‌ಮಾಸ್ಟರು ಡ್ರೈವರನ ಪಕ್ಕದ ಕುರ್ಚಿಗೆ ಬಂದು ಒರಗಿದರು. ದ್ವೀಪಗಳ ರಾಜಧಾನಿಗಳನ್ನು ಒಂದೊಂದಾಗಿ ಹೇಳತೊಡಗಿದರು. ಹೇಳುತ್ತ ಹೇಳುತ್ತ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಡ್ರೈವರ ಅವರತ್ತ ತಿರುಗಿ ನೋಡಿದ. ಮತ್ತೊಮ್ಮೆ ನೋಡಿದ. ಎದ್ದು ಹೋಗಿ, ತಟ್ಟೆ ಹಿಡಿದು ಬರುತ್ತಿದ್ದ ಸಿಬ್ಬಂದಿಯವನಿಗೆ, "ಡಾಕ್ಟರನ್ನ ಕರೀರಿ, ಬೇಗ," ಎಂದ. ಬೇಗ ಎಂದು ಪ್ರಯೋಜನವಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಹಾಗೆನ್ನಬೇಕು.

ಡಾಕ್ಟರು ಬಂದು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಸಂಜೆ ಕ್ಯಾಪ್ಟನ್ನೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಟೀಚರಮ್ಮನ ಕೋಣೆಗೆ ಹೋದರು. ಹಡಗನ್ನು ತಿರುಗಿಸುವಂತಿಲ್ಲ, ಮುಂದಿನ ಬಂದರು ದೂರವಿದೆ, ಅಲ್ಲಿಂದ ವಿಮಾನದಲ್ಲಿ ಊರಿಗೆ ಕಳಿಸುವ ವ್ಯವಸ್ಥೆ ಮಾಡುತ್ತೇವೆ, ಅಲ್ಲಿಯವರೆಗೆ ಯಜಮಾನರನ್ನು ಕೆಳಗಿನ ತಣ್ಣನೆಯ ಕೋಣೆಯಲ್ಲಿ ಇಡಬೇಕಾಗುತ್ತದೆ ಎಂದು ತಿಳಿಸಿದರು. ಟೀಚರಮ್ಮ, "ಅವರಿಗೆ ಚಳಿ ಆಗಿಬರಲ್ಲ," ಎಂದರಂತೆ.

ಮೊದಲ ದಿನ ಅರ್ಧ ಹಡಗೇ ಬಂದು ಅವರ ಕೈಹಿಡಿದು ಹೋಯಿತು. ಎರಡನೆಯ ದಿನದಿಂದ ಯಾರಿಗೂ ಹೇಳಲು ಏನೂ ಉಳಿಯಲಿಲ್ಲ. ಅವರು ಲೌಂಜಿಗೆ ಬಂದರೆ ಇಸ್ಪೀಟು ಆಡುವವರು ಎಲೆಗಳನ್ನು ಮಗುಚಿಟ್ಟು ನೆಲ ನೋಡುತ್ತಿದ್ದರು. ಲಿಫ್ಟಿನ ಬಾಗಿಲಲ್ಲಿ ಕಂಡರೆ, "ನೀವು ಹೋಗಿ, ನಾವು ಆಮೇಲೆ ಬರ್ತೀವಿ," ಎನ್ನುತ್ತಿದ್ದರು. ಡ್ರೈವರನ ಹೆಂಡತಿಯೂ ಬೇರೆ ಊಟದ ಕೋಣೆಯಲ್ಲಿ ಉಣ್ಣತೊಡಗಿದಳು.

"ನಾನೇನು ಮಾತಾಡ್ಲಿ ಅವರ ಹತ್ರ? ಆನೆ ಮಾಡೋದು ಹೇಳಿಕೊಡ್ಲಾ? ನೀವೂ ಬನ್ನಿ ಈ ಕಡೆ."

"ನನ್ನ ಕುರ್ಚಿ ಅಲ್ಲಿದೆ," ಎಂದು ಅವನು ಹಳೆಯ ಮೇಜಿಗೇ ಹೋದ.

ಟೀಚರಮ್ಮ ಬಂದು ಕೂತರೆ ಉಪ್ಪಿನ ಡಬ್ಬಿ ಅವರತ್ತ ಸರಿಸುತ್ತಿದ್ದ. ಊಟ ಮುಗಿಸಿ ಅವರು ಡೆಕ್ಕಿಗೆ ಹೋದರೆ ತಾನೂ ಹೋಗಿ ನಡುವೆ ಒಂದು ಕುರ್ಚಿ ಬಿಟ್ಟು ಕೂರುತ್ತಿದ್ದ. ಹೀಗೇ ನಡೆದಿದ್ದಾಗ ಟೀಚರಮ್ಮನೇ ಕೇಳಿದರು:

"ನೀವು ಯಾಕೆ ನನಗೆ ಸಮಾಧಾನ ಹೇಳ್ತಿಲ್ಲ?"

"ಹೇಳ್ಬೇಕಾ?"

"ಬೇಡ. ಎಲ್ಲರೂ ಹೇಳಿ ಓಡಿಹೋಗ್ತಾರೆ. ನೀವು ಹೇಳೋದೂ ಇಲ್ಲ, ಹೋಗೋದೂ ಇಲ್ಲ. ನಿಜವಾಗ್ಲೂ ಏನು ಓಡಿಸ್ತಿದ್ರಿ ನೀವು?"

ಅವನು ಸುತ್ತ ನೋಡಿದ. ಹೆಂಡತಿ ಕಾಣಲಿಲ್ಲ.

"ಶವವಾಹನ."

ಟೀಚರಮ್ಮ ಅವನತ್ತ ತಿರುಗಿದರು. "ಹಾಗಾದ್ರೆ ಆ ಪ್ಯಾಸೆಂಜರ್‌ಗಳು, ಒಂದು ಮಾತು ಅನ್ನದವರು..."

"ಹೂಂ."

ಅವರಿಗೆ ನಗು ಬಂತು. ತಡೆದುಕೊಳ್ಳಲು ನೋಡಿ, ಆಗದೆ, ಸೆರಗು ಬಾಯಿಗಿಟ್ಟು ನಕ್ಕರು. ನಗು ಎಲ್ಲಿಗೆ ಮುಗಿದು ಅಳು ಎಲ್ಲಿ ಶುರುವಾಯಿತೆಂದು ಡ್ರೈವರ ಗಮನಿಸಲು ಹೋಗಲಿಲ್ಲ. ನೀರು ನೋಡುತ್ತ ಕೂತ.

"ಗಾಡೀಲಿ ಜನ ಏನು ಮಾಡ್ತಾರೆ?" ಮೂಗು ಒರೆಸಿಕೊಂಡು ಕೇಳಿದರು. "ದಾರಿ ಪೂರ್ತಿ ಅಳ್ತಾರಾ?"

"ಇಲ್ಲಮ್ಮ. ಅಷ್ಟು ಹೊತ್ತು ಯಾರ ಕೈಲೂ ಅಳೋಕಾಗಲ್ಲ. ಒಬ್ಬರಿಗೆ ಮನೇಲಿ ಗ್ಯಾಸ್ ಆರಿಸಿದ್ನಾ ಇಲ್ವಾ ಅಂತ ಅನುಮಾನ ಬಂದು ಅರ್ಧ ದಾರಿಯಿಂದ ಗಾಡಿ ತಿರುಗಿಸಿದ್ವಿ. ಹೋಗಿ ನೋಡಿದ್ರೆ ಆರಿಸೇ ಇತ್ತು. ಅಣ್ಣತಮ್ಮ ಇಬ್ಬರು ಕಿಟಕಿ ತೆಗೀಬೇಕು, ಹಾಕ್ಬೇಕು ಅಂತ ಜಗಳ ಆಡ್ಕೊಂಡೇ ಬಂದ್ರು. ಇನ್ನೊಬ್ಬಮ್ಮ ಗಂಡನ್ನ ಬೈತಾ ಬಂದ್ರು. ಹತ್ತಿದಾಗಿಂದ ಇಳಿಯೋವರೆಗೂ. ಇಳಿಯುವಾಗ ನನಗೆ, 'ತಪ್ಪು ತಿಳ್ಕೋಬೇಡಿ, ಅಭ್ಯಾಸ' ಅಂದ್ರು."

"ನನಗೂ ಬೈಬೇಕು ಅನಿಸ್ತಿದೆ."

"ಬೈರಿ."

"ಲೋಕದ ರಾಜಧಾನಿ ಎಲ್ಲ ಗೊತ್ತಿತ್ತು ಮಹಾರಾಯರಿಗೆ. ಮನೆಯ ಫ್ಯೂಸ್ ಎಲ್ಲಿದೆ ಅಂತ ನನಗೆ ಹೇಳಿಕೊಡ್ಲಿಲ್ಲ. ಈಗ ಕರೆಂಟ್ ಹೋದ್ರೆ ನಾನು ಯಾರನ್ನ ಕೇಳ್ಲಿ?"

ಅಲ್ಲಿಂದ ಶುರುವಾಗಿ ಸಂಜೆಯ ಚಹಾ ಬರುವವರೆಗೂ ಬೈದರು. ಡ್ರೈವರ ನಡುನಡುವೆ "ಹೌದೌದು" ಎಂದ.

ಕೋಣೆಗೆ ಬಂದಾಗ ಹೆಂಡತಿ ಮಂಚದ ಮೇಲೆ ಆನೆಗಳ ನಡುವೆ ಕೂತಿದ್ದಳು.

"ಆ ಹೆಂಗಸು ಆಮೇಲೆ ಏನಾದ್ರು?" ಎಂದಳು.

"ಯಾವ ಹೆಂಗಸು?"

"ಗಂಡನ್ನ ಬೈತಾ ಬಂದ್ರಲ್ಲ, ಅವರು."

"ನಿನಗೆ ಹೇಗೆ ಗೊತ್ತು?"

"ನಿಮ್ಮನ್ನ ಹುಡುಕ್ಕೊಂಡು ಬಂದಿದ್ದೆ. ಕಂಬದ ಹಿಂದೆ ನಿಂತಿದ್ದೆ." ಒಂದು ಆನೆಯ ಸೊಂಡಿಲು ಸರಿಮಾಡುತ್ತ, "ನಾನೇನೋ ಬರೀ ಹೆಣ, ಹೆಣ ಅಂದ್ಕೊಂಡಿದ್ದೆ. ಜನಾನೂ ಇರ್ತಿದ್ರಾ ಅದರಲ್ಲಿ," ಎಂದಳು.

"ಇರ್ತಿದ್ರು."

"ಹೇಳ್ಲೇ ಇಲ್ಲ."

"ನೀನು ಬೇಡ ಅಂದಿದ್ದೆ."

"ಬೇಡ ಅಂದ್ರೆ ಪೂರ್ತಿ ಬೇಡ ಅಂತಾನಾ?"

ಅವನು ಒಂದು ಆನೆ ಬಿಚ್ಚಿಕೊಂಡು ಸ್ನಾನಕ್ಕೆ ಹೋದ.

ಮರುದಿನ ಬೆಳಗ್ಗೆ ಟೀಚರಮ್ಮ, "ನಾನು ಕ್ವಿಜ್‌ಗೆ ಹೋಗ್ಬೇಕು. ಒಬ್ಬಳೇ ಹೋಗೋಕೆ ಧೈರ್ಯ ಸಾಲ್ತಿಲ್ಲ," ಎಂದರು. ಡ್ರೈವರ ಎದ್ದ. ಹೆಂಡತಿಯೂ ಎದ್ದಳು, ಅವಳನ್ನು ಯಾರೂ ಕರೆದಿರಲಿಲ್ಲ. ಮೂವರೂ ಲೌಂಜಿನೊಳಗೆ ಕಾಲಿಟ್ಟಾಗ ಮೈಕು ಹಿಡಿದವನ ದನಿಯೇ ಇಳಿದುಹೋಯಿತು. ಅವರು ಮುಂದಿನ ಸಾಲಿನಲ್ಲೇ ಕೂತರು. ಮೊದಲ ಪ್ರಶ್ನೆ ಒಂದು ರಾಜಧಾನಿಯದ್ದು. ಎಲ್ಲರೂ ಟೀಚರಮ್ಮನ ಕಡೆ ನೋಡಿದರು.

"ಇದನ್ನ ನೂರು ಸಲ ಹೇಳಿದ್ರು," ಎಂದು ಟೀಚರಮ್ಮ ಪಿಸುಗುಟ್ಟಿದರು. "ನಾನು ಕೇಳಿಸ್ಕೊಳ್ತಾನೇ ಇರಲಿಲ್ಲ."

ಡ್ರೈವರನಿಗೆ ಗೊತ್ತಿರಲಿಲ್ಲ. ಹೆಂಡತಿ ತನಗೆ ಗೊತ್ತಿದ್ದ ಒಂದೇ ರಾಜಧಾನಿಯನ್ನು ಎಲ್ಲ ಪ್ರಶ್ನೆಗೂ ಬರೆದಳು. ಒಂದಕ್ಕೂ ತಾಳೆಯಾಗಲಿಲ್ಲ. ಮೂವರೂ ಎಲ್ಲರಿಗಿಂತ ಕೊನೆಗೆ ಬಂದರು. ಆದರೂ ಮೈಕಿನವನು ಕೀಚೈನು ಹಿಡಿದುಕೊಂಡು ಬಂದ.

"ಬೇಡಪ್ಪ, ಗೆದ್ದವರಿಗೆ ಕೊಡು," ಎಂದರು ಟೀಚರಮ್ಮ. "ಇಷ್ಟು ಕೆಟ್ಟದಾಗಿ ಸೋತಿದ್ದನ್ನ ಅವರು ನೋಡಿದ್ರೆ ನಮ್ಮ ಜೊತೆ ಮಾತು ಬಿಡ್ತಿದ್ರು."

ಯಾರೋ ಹಿಂದೆ ನಕ್ಕರು, ನಕ್ಕು ಗಾಬರಿಯಾದರು. ಟೀಚರಮ್ಮನೂ ನಗುತ್ತಿದ್ದುದು ಕಂಡ ಮೇಲೆ ಗಾಬರಿ ಹೋಯಿತು. ಅವತ್ತು ಮಧ್ಯಾಹ್ನ ಇಸ್ಪೀಟಿನವರು ಅವರಿಗೂ ಎಲೆ ಹಂಚಿದರು. ಲೆಕ್ಕದವರಾದ್ದರಿಂದ ಅಲ್ಲಿ ಅವರು ಸೋಲಲಿಲ್ಲ.

ಬಂದರಿನಲ್ಲಿ ಹಡಗಿನ ಪಕ್ಕದ ಬಾಗಿಲಿಗೆ ಒಂದು ಗಾಡಿ ಬಂತು. ಡ್ರೈವರ, ಅವನ ಹೆಂಡತಿ ಇಬ್ಬರೂ ಕೆಳಗಿಳಿದು ಟೀಚರಮ್ಮನ ಜೊತೆ ನಿಂತರು. ಆ ಊರಿನ ಚಾಲಕ ಹಿಂದಿನ ಬಾಗಿಲು ಹಾಕಿ ಬಂದಾಗ ಟೀಚರಮ್ಮ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದರು.

"ಮುಂದೆ ಕೂರಿ ಅಮ್ಮ. ದಾರಿ ಕಾಣಿಸ್ತಿರ್ಲಿ," ಎಂದ ಡ್ರೈವರ.

"ಆ ಚಾಲಕನಿಗೆ ನಮ್ಮ ಭಾಷೆ ಬರುತ್ತಾ?"

"ಬರಲ್ಲ ಅನಿಸುತ್ತೆ."

"ಒಳ್ಳೇದಾಯ್ತು. ಇನ್ನೂ ಬೈಯೋದು ಬಾಕಿ ಇದೆ," ಎಂದು ಟೀಚರಮ್ಮ ಹತ್ತಿ ಕೂತರು. ಡ್ರೈವರನ ಹೆಂಡತಿ ಅವರ ಕೈಯನ್ನು ಕಿಟಕಿಯಿಂದ ಹಿಡಿದವಳು, ಗಾಡಿ ಹೊರಟರೂ ಬಿಡದೆ ನಾಲ್ಕು ಹೆಜ್ಜೆ ಜೊತೆಗೇ ನಡೆದಳು.

ಹಡಗು ಮತ್ತೆ ಹೊರಟಿತು. ಅಷ್ಟರಲ್ಲಿ ಡ್ರೈವರನ ಕೆಲಸ ಏನೆಂಬುದು ಹಡಗಿನ ತುಂಬ ಗೊತ್ತಾಗಿತ್ತು. ಜನ ದೂರ ಹೋಗುತ್ತಾರೆಂದು ಅವನು ಅಂದುಕೊಂಡಿದ್ದ. ಹಾಗಾಗಲಿಲ್ಲ. ಒಬ್ಬೊಬ್ಬರೇ ಹವೆಯ ಬಗ್ಗೆ ಮಾತು ತೆಗೆದು, ಕುರ್ಚಿ ಹತ್ತಿರ ಎಳೆದುಕೊಂಡು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುತ್ತಿದ್ದರು. ಕಟ್ಟಡದ ಕಂಟ್ರಾಕ್ಟರೊಬ್ಬರು ಗಾಡಿಯಲ್ಲಿ ಎ.ಸಿ. ಇತ್ತೇ ಎಂದು ಕೇಳಿದರು. ಇಬ್ಬರು ಅಕ್ಕತಂಗಿಯರು, ತಮ್ಮಿಬ್ಬರಲ್ಲಿ ಮೊದಲು ಹೋದವರ ಚಿನ್ನದ ಹಲ್ಲು ಯಾರಿಗೆ ಸೇರುತ್ತದೆಂದು ಕೇಳಿ, ಉತ್ತರಕ್ಕೆ ಕಾಯದೆ ತಮ್ಮತಮ್ಮಲ್ಲೇ ಜಗಳ ಶುರುಮಾಡಿದರು.

ಹೆಂಡತಿ ಕುಣಿತದ ಕ್ಲಾಸು ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕೂರತೊಡಗಿದಳು. ಬೆಳಗ್ಗೆ ತಾನು ಕೇಳುವಳು, ಮಧ್ಯಾಹ್ನ ಬಂದವರಿಗೆ ಅದನ್ನೇ ಹೇಳುವಳು. ಅವನು ಬಾಯಿ ತೆರೆಯುವುದರೊಳಗೆ, "ಅದನ್ನ ನಾನು ಹೇಳ್ತೀನಿ, ಇವರಿಗೆ ಹೇಳೋಕೆ ಬರಲ್ಲ," ಎಂದು ಮುಂದೆ ಬರುವಳು. ಅವಳು ಹೇಳಿದ್ದರಲ್ಲಿ ಅರ್ಧದಷ್ಟು ಅವನ ಕಾಲದಲ್ಲಿ ನಡೆದೇ ಇರಲಿಲ್ಲ. ಅವನು ತಿದ್ದಲು ಹೋಗಲಿಲ್ಲ. ಹನಿ ಬಿದ್ದರೆ ಎಲ್ಲರೂ ಕುರ್ಚಿಗಳನ್ನು ಎತ್ತಿಕೊಂಡು ಮಾಡಿನ ಕೆಳಗೆ ಹೋಗಿ, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು.